ಪುನರುತ್ಥಾನ ವಿಶ್ವಾಸದ ಪ್ರಾಚೀನತೆ

ಯೇಸುವು ಮರಣಾನಂತರ ಎಬ್ಬಿಸಲ್ಪಟ್ಟನೆಂಬ ನಂಬುಗೆಯು ಆತನ ಶಿಷ್ಯರಲ್ಲಿ ಯಾವಾಗ ಮೂಡಿತೆಂಬ ಪ್ರಶ್ನೆಯು ಮತಶ್ರದ್ಧೆಗೆ ಸೇರಿದುದೆಂದು ತೋರಿದರೂ, ಅದರ ಒಂದಂಶವು ಗ್ರಂಥಶೋಧನೆಗೂ ಕಾಲನಿರ್ಣಯಕ್ಕೂ ಸೇರಿದುದಾಗಿದೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಬೈಬಲ್ಲು ಕನ್ನಡಕ್ಕೆ ಬಂದುದರಿಂದ, ಇದರ ಮುಖ್ಯಾಧಾರವು ಕನ್ನಡ ವಾಚಕನಿಗೆ ಸುಲಭವಾಗಿ ದೊರೆಯುವುದು. ಅದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯ.

ಕವಿರಾಜಮಾರ್ಗದ ಕಾಲವನ್ನು ನಿರ್ಣಯಿಸಲು ನೃಪತುಂಗನ ಕಾಲದ ಶಾಸನಗಳು ಹೇಗೆ ನೆರವಾದುವೋ, ಹಾಗೆಯೇ ಪೌಲನ ಕಾಲಕ್ಕೆ ಗ್ರೀಸಿನ ಡೆಲ್ಫಿಯ ಶಿಲಾಶಾಸನವೊಂದು ನೆರವಾಗಿದೆ. ಕ್ಲೌದ್ಯ ಚಕ್ರವರ್ತಿಯ ಆ ಶಾಸನದಿಂದ ಅಖಾಯದ ಅಧಿಪತಿಯಾದ ಗಲ್ಲಿಯೋನನ ಅಧಿಕಾರಕಾಲವು ಕ್ರಿ.ಶ. 51-52ರ ಸುಮಾರೆಂದು ತಿಳಿದುಬರುವುದು. ಪೌಲನನ್ನು ಕೊರಿಂಥದಲ್ಲಿ ಇವನ ನ್ಯಾಯಾಸನದ ಮುಂದಕ್ಕೆ ಎಳೆತಂದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಪತ್ರವು ಅನಂತರ, 53-55ರ ಸುಮಾರಿನಲ್ಲಿ, ಎಫೆಸದಿಂದ ಬರೆದುದು.

ಆದರೆ ಅದರೊಳಗಿನ ಒಂದು ಭಾಗವು ಪತ್ರಕ್ಕಿಂತ ಹಳೆಯದು. ತಾನು ಪಡೆದುದನ್ನೇ ಒಪ್ಪಿಸಿದೆನೆಂದು ಪೌಲನು ಹೇಳುವಲ್ಲಿ ಬಳಸಿರುವ ಕ್ರಿಯಾಪದಗಳೆರಡೂ ಪರಂಪರೆಯ ಪಾಠಕ್ರಮದವು. ಸತ್ತನೆಂದು, ಹೂಣಲ್ಪಟ್ಟನೆಂದು, ಎಬ್ಬಿಸಲ್ಪಟ್ಟನೆಂದು, ಕಾಣಿಸಿಕೊಂಡನೆಂದು ನಾಲ್ಕು ಸಲ ಮರಳಿ ಬರುವ ‘ಎಂದು’ ಎಂಬರ್ಥದ ಗ್ರೀಕ್ ಅವ್ಯಯವು ಬಾಯಿಪಾಠದ ಕಟ್ಟನ್ನು ತೋರುವುದು. ‘ಹನ್ನೆರಡು ಮಂದಿ’ ಎಂಬ ಮಾತು ಪೌಲನ ಬೇರಾವ ಪತ್ರದಲ್ಲಿಯೂ ಇಲ್ಲ. ಮೂಲವು ಅರಾಮಿಕ್ ಸಂಪ್ರದಾಯದ್ದೆಂದು ಯೆರೆಮಿಯಾಸನು ವಾದಿಸಿದನು, ಕೊನ್‍ಜೆಲ್ಮನನು ಒಪ್ಪಲಿಲ್ಲ. ಭಾಷೆ ಯಾವುದಾದರೂ ವಾಕ್ಯವು ಪೌಲನದಲ್ಲವೆಂಬುದು ಬಲವಾದ ಪಕ್ಷ. ತಾನು ಯೆರೂಸಲೇಮಿನಲ್ಲಿ ಕೇಫನ ಬಳಿ 15 ದಿನವಿದ್ದು ಯಾಕೋಬನನ್ನೂ ಕಂಡೆನೆಂದು ಗಲಾತ್ಯದವರಿಗೆ ಪೌಲನೇ ಬರೆದಿರುವನು. ಈ ಇಬ್ಬರ ಹೆಸರೂ ದರ್ಶನಗಳ ಪಟ್ಟಿಯಲ್ಲಿವೆ. ಆ ಭೇಟಿಯು ಮೂವತ್ತರ ದಶಕದಲ್ಲಿ, ಶಿಲುಬೆಯ ಮರಣವಾಗಿ ಕೆಲವೇ ವರ್ಷಗಳೊಳಗೆ ನಡೆದುದು. 12ನೆಯ ಶತಮಾನದ ವಚನಗಳನ್ನು 15ನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿ ಓದುವವರಿಗೆ ಈ ಅಂತರದ ಕಿರಿದುತನವು ಗಮನಾರ್ಹವೆನಿಸುವುದು.

ಇದರಿಂದ ಸಿದ್ಧವಾಗುವುದು ನಂಬುಗೆಯ ಪ್ರಾಚೀನತೆಯೇ ಹೊರತು ಘಟನೆಯ ಸತ್ಯತೆಯಲ್ಲ. ಬರಿದಾದ ಸಮಾಧಿಯನ್ನಾಗಲಿ ಅದನ್ನು ಕಂಡ ಸ್ತ್ರೀಯರನ್ನಾಗಲಿ ಪೌಲನ ಪಟ್ಟಿಯು ಹೆಸರಿಸದು. ಆ ವೃತ್ತಾಂತವು ಬರೆಹದಲ್ಲಿ ಮೊದಲು ಕಾಣುವುದು ಸುಮಾರು 70ರ ಮಾರ್ಕನ ಸುವಾರ್ತೆಯಲ್ಲಿ. ಅದರಲ್ಲಿಯೂ 4ನೆಯ ಶತಮಾನದ ಸೀನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳು ಸ್ತ್ರೀಯರು ಹೆದರಿ ಓಡಿದೆಡೆಯಲ್ಲಿಯೇ ನಿಲ್ಲುತ್ತವೆ.

ಕನ್ನಡದ ‘ಪುನರುತ್ಥಾನ’ವೆಂಬ ಪದದ ವಿಷಯದಲ್ಲಿಯೂ ಎಚ್ಚರ ಬೇಕು. ಅದು ಪುನರ್ಜನ್ಮವಲ್ಲ, ಮೂಲದ ಕ್ರಿಯಾಪದವು ಕರ್ಮಣಿಯಲ್ಲಿದ್ದು, ಎದ್ದನೆಂಬುದಕ್ಕಿಂತ ಎಬ್ಬಿಸಲ್ಪಟ್ಟನೆಂದೇ ಹೇಳುತ್ತದೆ.