ಉರುಳಿ ಬಂದ ರೊಟ್ಟಿ, ತಲೆಯ ಮೇಲಿನ ಬುಟ್ಟಿ

ಕನಸಲ್ಲಿ ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಹಾವು ಕಂಡರೆ ಹರಕೆ ಬಾಕಿ. ಕಾರವಾರದಿಂದ ಅಂಕೋಲೆಯ ಕಡೆ ಹೆದ್ದಾರಿ ಹಿಡಿದರೆ ಸಿಗುವ ಚೆಂಡಿಯಾದಿಂದ ಹಿಡಿದು ಕರಾವಳಿಯ ಯಾವ ಊರಿಗೆ ಹೋದರೂ ಇಂಥ ಮಾತು ಹೊಸದಲ್ಲ. ಈಗ ಅದೇ ಬಗೆಯ ಪಟ್ಟಿ ಬೈಬಲ್ಲಿನ ಹೆಸರು ಹೊತ್ತು ಮೊಬೈಲಿಗೂ ಬರುತ್ತದೆ: ಕೀಲಿಕೈ ಕಂಡರೆ ಅಧಿಕಾರ, ಪೊರಕೆ ಕಂಡರೆ ಶುದ್ಧಿ, ಚಪ್ಪಲಿ ಕಳೆದರೆ ದಾರಿ ತಪ್ಪಿದ ಸೂಚನೆ. ಬೈಬಲ್ ಕನಸನ್ನು ಹೀಗೆ ಓದುವುದಿಲ್ಲ.

ಆದಿಕಾಂಡದ 40ನೇ ಅಧ್ಯಾಯ ನೋಡಿ. ಫರೋಹನ ಸೆರೆಯಲ್ಲಿ ಇಬ್ಬರು. ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದವನಿಗೆ ಮೂರು ಕವಲಿನ ದ್ರಾಕ್ಷಿಬಳ್ಳಿ ಕಾಣುತ್ತದೆ. ರೊಟ್ಟಿ ಮಾಡುತ್ತಿದ್ದವನಿಗೆ ತಲೆಯ ಮೇಲೆ ಮೂರು ಬುಟ್ಟಿ. ಇಬ್ಬರ ಕನಸಿಗೂ ಅವರವರ ಕಸುಬಿನ ಸಾಮಾನೇ ಬಂದಿದೆ. ಅದೇ ಸೆರೆಯಲ್ಲಿದ್ದ ಯೋಸೇಫ ಬಿಡಿಸಿದಂತೆ, ಮೂರು ಎಂದರೆ ಇಬ್ಬರಿಗೂ ಮೂರು ದಿನ. ಆದರೆ ಒಬ್ಬನಿಗೆ ಕೆಲಸ ಮರಳಿತು, ಇನ್ನೊಬ್ಬನಿಗೆ ಮರಣವಾಯಿತು. ಕನಸಿನಲ್ಲಿ ಮೊದಲನೆಯವನ ಬಟ್ಟಲು ಅರಸನ ಕೈ ಸೇರಿತ್ತು; ಎರಡನೆಯವನ ರೊಟ್ಟಿಯನ್ನು ಹಕ್ಕಿಗಳು ತಿಂದಿದ್ದವು. ಬುಟ್ಟಿ ಶುಭವೋ ಅಶುಭವೋ ಎಂದು ಯೋಸೇಫ ಹೇಳಲೇ ಇಲ್ಲ.

ನನಗೆ ಇನ್ನೂ ಇಷ್ಟವಾದದ್ದು ನ್ಯಾಯಸ್ಥಾಪಕರು 7ನೇ ಅಧ್ಯಾಯದ ರೊಟ್ಟಿ. ಏಳು ವರ್ಷ ಇಸ್ರಾಯೇಲರ ಬೆಳೆ ಲೂಟಿ ಮಾಡಿದ ಮಿದ್ಯಾನ್ಯರ ದಂಡಿನಲ್ಲಿ ಒಬ್ಬ ಸಿಪಾಯಿ ಕನಸು ಕಾಣುತ್ತಾನೆ: ಜವೆಗೋಧಿಯ ರೊಟ್ಟಿಯೊಂದು ಉರುಳಿ ಬಂದು ಡೇರೆಗೆ ಬಡಿದು ಅದನ್ನು ಮಗುಚಿ ಹಾಕುತ್ತದೆ. ಪಕ್ಕದವನು ಅದು ಇಸ್ರಾಯೇಲರ ನಾಯಕ ಗಿದ್ಯೋನನ ಕತ್ತಿಯೇ ಎನ್ನುತ್ತಾನೆ. ಜವೆ ಬಡವರ ಧಾನ್ಯ. ಬಡವರ ಅನ್ನ ಕಸಿದು ತಿಂದವನಿಗಲ್ಲದೆ ಇನ್ನಾರಿಗೆ ಆ ರೊಟ್ಟಿ ಕತ್ತಿಯಾಗಿ ಕಂಡೀತು? ಅದೇ ರೊಟ್ಟಿ ಹಸಿದ ಮಗುವಿನ ಕನಸಿಗೆ ಬಂದರೆ ಅದು ಬರೀ ಊಟ.

ಅದಕ್ಕೇ ಕ್ರೈಸ್ತ ಸಭೆಯ ಹಿರಿಯರು ಇಲ್ಲಿ ಮೆಲ್ಲಗೆ ಹೆಜ್ಜೆ ಇಟ್ಟಿದ್ದಾರೆ. ಕಥೋಲಿಕರ ಬೈಬಲ್ಲಿನ ಸಿರಾಖನ ಗ್ರಂಥ ಕನಸು ನಂಬುವವನನ್ನು ನೆರಳು ಹಿಡಿಯಹೊರಟವನಿಗೆ ಹೋಲಿಸುತ್ತದೆ. ಆರನೇ ಶತಮಾನದ ಕೊನೆಗೆ ಪೋಪರಾಗಿದ್ದ ಮಹಾ ಗ್ರೆಗರಿ ಕನಸಿಗೆ ಆರು ಕಾರಣ ಕೊಟ್ಟರು. ಅದರಲ್ಲಿ ಎರಡು, ತುಂಬಿದ ಹೊಟ್ಟೆ ಮತ್ತು ಖಾಲಿ ಹೊಟ್ಟೆ! ದೇವರು ಕೊಡುವ ತಿಳಿವಿಗೂ ಅವರು ಜಾಗ ಬಿಟ್ಟಿದ್ದಾರೆ. 1992ರ ಕಥೋಲಿಕ ಧರ್ಮೋಪದೇಶ ಜ್ಯೋತಿಷ, ಹಸ್ತಸಾಮುದ್ರಿಕೆಯ ಜೊತೆಗೆ ಶಕುನ ಬಿಡಿಸುವುದನ್ನೂ ತಿರಸ್ಕರಿಸುತ್ತದೆ.

ಈ ಕಡಲ ತೀರದಲ್ಲಿ ರಂಪಣಿ ಬಲೆ ಎಳೆಯುವ ಮೀನುಗಾರನೊಬ್ಬನ ಕನಸಿಗೆ ಬಲೆ ಬಂತು ಎನ್ನಿ. ಯೇಸುವಿನಿಂದ ಬೆಸ್ತ ಪೇತ್ರನಿಗೆ ಬಂದಂಥ ಕರೆಯೇ ಎಂದು ಹಾರುವ ಮೊದಲು ಕೇಳಬೇಕಾದ್ದಿದೆ: ಅದು ಯಾರ ಬಲೆ, ಹರಿದಿತ್ತೇ, ಜೊತೆಗೆ ಯಾರಿದ್ದರು, ಎದ್ದಾಗ ಮನಸ್ಸು ಹೇಗಿತ್ತು? ಸಾಲದ ಕಂತು ಬಾಕಿ ಇರುವವನ ಖಾಲಿ ಬಲೆ ಬೇರೆ, ಅಣ್ಣನೊಡನೆ ಮಾತು ಬಿಟ್ಟವನ ಹರಿದ ಬಲೆ ಬೇರೆ. ಆ ಎರಡನೆಯವನು ಅಣ್ಣನ ಮನೆಗೆ ಹೋಗಿ ಬರಲಿ. ಕನಸು ದೇವರದೋ ಹೊಟ್ಟೆಯದೋ ಎಂಬುದು ಆಮೇಲೆ ತೀರ್ಮಾನವಾದರೂ ಸಾಕು.