ಡುರಾಂಡ್ ಫೈನಲ್ ನಡೆದ ಅಂಗಳದಲ್ಲಿ

ಕೋಲ್ಕತ್ತದ ಪೂರ್ವದ ಅಂಚಿನಲ್ಲಿ ಇ.ಎಂ. ಬೈಪಾಸ್ ರಸ್ತೆಗೆ ಮೈಚಾಚಿಕೊಂಡಂತೆ ನಿಂತಿದೆ ವಿವೇಕಾನಂದ ಯುವಭಾರತಿ ಕ್ರೀಡಾಂಗಣ. ಬಸ್ಸಿನವರು, ಟ್ಯಾಕ್ಸಿಯವರು ‘ಜುಬೊಭಾರತಿ’ ಎನ್ನುತ್ತಾರೆ. ಹೊರಗಿನಿಂದ ಬಂದ ನಮಗೆಲ್ಲ ಅದು ಸಾಲ್ಟ್ ಲೇಕ್ ಸ್ಟೇಡಿಯಂ. 2022ರ ಸೆಪ್ಟೆಂಬರ್ 18ರ ಭಾನುವಾರ ಇಲ್ಲಿ 131ನೇ ಡುರಾಂಡ್ ಕಪ್ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಮುಂಬೈ ಸಿಟಿ ಎಫ್‌ಸಿ ಎದುರುಬದುರು.

ಅಂದು ಕಣದಲ್ಲಿ ಕೋಲ್ಕತ್ತದ ತಂಡವಿರಲಿಲ್ಲ. ಇದ್ದೊಂದು ಆಸೆ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್. ಅದು ಸೆಮಿಫೈನಲ್‌ನಲ್ಲಿ ಮುಂಬೈಗೆ ಒಂದು ಗೋಲಿನಿಂದ ಸೋತಿತ್ತು. ಆದರೂ ಜನ ಬರುತ್ತಲೇ ಇದ್ದರು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕಾಲೇಜು ಹುಡುಗರು, ಊರುಗೋಲು ಹಿಡಿದ ಹಿರಿಯರು. ಮೊಹಮ್ಮಡನ್‌ನ ಕಪ್ಪು ಬಿಳುಪು ಜೆರ್ಸಿ ತೊಟ್ಟೇ ಬಂದವರೂ ಇದ್ದರು. ತಮ್ಮ ತಂಡ ಆಡಲಿ ಬಿಡಲಿ, ತಮ್ಮೂರಿನಲ್ಲಿ ಫೈನಲ್ ನಡೆಯುವಾಗ ಮನೆಯಲ್ಲಿ ಕೂರುವುದು ಈ ಜನಕ್ಕೆ ಗೊತ್ತಿಲ್ಲ.

ಗೇಟಿನ ಹೊರಗೆ ಝಾಲ್‌ಮುಡಿಯವನ ಸುತ್ತ ಗುಂಪು. ನಮ್ಮ ಚುರುಮುರಿಯ ಬಂಗಾಳಿ ನೆಂಟ ಇದು. ತಗಡಿನ ಡಬ್ಬಿಗೆ ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕಡಲೆ ಹಾಕಿ, ಮೇಲೆ ಸಾಸಿವೆ ಎಣ್ಣೆ ಸುರಿದು, ಚಮಚದಲ್ಲಿ ಟಕಟಕನೆ ಕಲಸುತ್ತಾನೆ. ಕಾಗದದ ಪೊಟ್ಟಣಕ್ಕೆ ತುಂಬಿ, ತುದಿಗೊಂದು ಕೊಬ್ಬರಿ ಚೂರು ಸಿಕ್ಕಿಸಿ ಕೈಗಿಡುತ್ತಾನೆ. ಸಾಸಿವೆ ಎಣ್ಣೆಯ ಘಾಟು ಮೂಗಿಗೇರಿದಾಗ ಊರು ಬದಲಾಗಿದೆ ಎಂಬುದು ಖಾತ್ರಿಯಾಗುತ್ತದೆ. ಪಕ್ಕದಲ್ಲೇ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ. ಎರಡೂ ಮುಗಿಸಿ ಒಳಗೆ ಹೋದರೆ ಸರಿ.

ಈ ನೆಲ ಮೊದಲು ಉಪ್ಪುನೀರಿನ ಜೌಗು. ಹೂಗ್ಲಿ ನದಿಯ ಹೂಳು ತಂದು ತುಂಬಿಸಿ ಉಪನಗರ ಕಟ್ಟಿದರು. ಅದಕ್ಕೆ ಮುಖ್ಯಮಂತ್ರಿಯಾಗಿದ್ದ ಬಿಧಾನ್ ಚಂದ್ರ ರಾಯ್ ಅವರ ಹೆಸರಿಟ್ಟು ಬಿಧಾನ್‌ನಗರ ಎಂದರು. ಕ್ರೀಡಾಂಗಣ ತೆರೆದದ್ದು 1984ರಲ್ಲಿ, ನೆಹರೂ ಕಪ್‌ನೊಂದಿಗೆ. ಆಗ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದಿತ್ತು. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎದುರಾದಾಗ ಸೇರಿದ್ದವರು 1,31,781 ಮಂದಿ. ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲನ್ನು 4-1ರಿಂದ ಗೆಲ್ಲಿಸಿದ್ದು ಅಂದೇ. 2011ರಲ್ಲಿ ಮೆಸ್ಸಿ ಇಲ್ಲಿ ಅರ್ಜೆಂಟೀನಾದ ನಾಯಕನಾಗಿ ವೆನೆಜುವೆಲಾ ವಿರುದ್ಧ ಆಡಿದರು. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗಾಗಿ ಕ್ರೀಡಾಂಗಣವನ್ನು ನವೀಕರಿಸಿ, ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಕುರ್ಚಿಗಳನ್ನು ಕೂರಿಸಿದರು. ಜನರ ಲೆಕ್ಕ ಇಳಿಯಿತು, ಕೂತು ನೋಡುವ ಸುಖ ಹೆಚ್ಚಿತು.

ಇಳಿಜಾರು ಹತ್ತಿ ಗ್ಯಾಲರಿಯ ಬಾಯಿಗೆ ಬಂದು ನಿಂತಾಗ ಕೆಳಗೆ ದೀಪದ ಬೆಳಕಿನಲ್ಲಿ ಹಸಿರು ಹುಲ್ಲು ಕಾಣುತ್ತದೆ. ಸುತ್ತಲೂ ಓಟದ ಟ್ರ್ಯಾಕ್ ಇರುವುದರಿಂದ ಆಟಗಾರರು ಸ್ವಲ್ಪ ದೂರವೇ. ಮುಖ ಕಾಣದಿದ್ದರೂ ಆಟದ ಪೂರ್ತಿ ನಕಾಶೆ ಕಾಣುತ್ತದೆ. ಯಾರು ಎಲ್ಲಿ ಜಾಗ ಬಿಟ್ಟರು, ಯಾರು ಎಲ್ಲಿಂದ ನುಗ್ಗಿದರು ಎಂಬುದನ್ನು ಟಿ.ವಿ. ಹೀಗೆ ತೋರಿಸಲಾರದು. ಟೂರ್ನಿಯನ್ನು ನಡೆಸುವುದು ಸೇನೆಯಾದ್ದರಿಂದ ಎಲ್ಲಿ ನೋಡಿದರೂ ಸಮವಸ್ತ್ರದವರು.

ಈ ಟೂರ್ನಿಯಲ್ಲಿ ಗೆದ್ದವರಿಗೆ ಸಿಗುವುದು ಒಂದಲ್ಲ, ಮೂರು ಟ್ರೋಫಿ. ಮೊದಲನೆಯದು ಡುರಾಂಡ್ ಕಪ್. ಎರಡನೆಯದು ಶಿಮ್ಲಾ ಟ್ರೋಫಿ, 1904ರಲ್ಲಿ ಶಿಮ್ಲಾದ ನಿವಾಸಿಗಳು ಕೊಟ್ಟದ್ದು. ಇವೆರಡೂ ಮುಂದಿನ ವರ್ಷ ಮರಳಬೇಕು. ಮೂರನೆಯದಾದ ರಾಷ್ಟ್ರಪತಿಗಳ ಕಪ್ ಗೆದ್ದವರ ಬಳಿಯೇ ಉಳಿಯುತ್ತದೆ. 1888ರಲ್ಲಿ ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಸರ್ ಮಾರ್ಟಿಮರ್ ಡುರಾಂಡ್ ಶಿಮ್ಲಾದ ಗುಡ್ಡಗಳಲ್ಲಿ ಸೈನಿಕರಿಗಾಗಿ ಆರಂಭಿಸಿದ ಪಂದ್ಯಾವಳಿ ಇದು. ಏಷ್ಯಾದಲ್ಲೇ ಅತ್ಯಂತ ಹಳೆಯದು. ಮೊದಲ ಫೈನಲ್‌ನಲ್ಲಿ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್, ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯನ್ನು 2-1ರಿಂದ ಸೋಲಿಸಿತು. ಅರ್ಧ ಶತಮಾನ ಕಪ್ ಪಲ್ಟಣಗಳಲ್ಲೇ ಸುತ್ತಿತು. 1940ರಲ್ಲಿ ದೆಹಲಿಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್, ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಮಣಿಸಿ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಮುಂದೆ ದಶಕಗಳ ಕಾಲ ದೆಹಲಿಯಲ್ಲೇ ನಡೆಯುತ್ತಿದ್ದ ಟೂರ್ನಿ 2019ರಲ್ಲಿ ಕೋಲ್ಕತ್ತಕ್ಕೆ ಬಂತು.

ನನ್ನ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದವರೊಬ್ಬರು. ಎಲ್ಲಿಂದ ಬಂದಿರಿ ಎಂದು ಹಿಂದಿಯಲ್ಲಿ ಕೇಳಿದರು. ಬೆಂಗಳೂರು ಎಂದೆ. ನಮ್ಮ ತಂಡದ ನಾಯಕ ಸುನಿಲ್ ಛೆಟ್ರಿಯ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು, ‘ಹಾಗಾದರೆ ಅಹ್ಮದ್ ಖಾನ್ ಊರು!’ ಅವರ ತಂದೆ ಈಸ್ಟ್ ಬೆಂಗಾಲ್‌ನ ಕಟ್ಟಾ ಅಭಿಮಾನಿಯಂತೆ. ಅಹ್ಮದ್ ಖಾನ್ ಕಾಲಿಗೆ ಚೆಂಡು ಸಿಕ್ಕರೆ ಎದುರಾಳಿಗಳು ಹೇಗೆ ಕಂಗೆಡುತ್ತಿದ್ದರು ಎಂದು ಮನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರಂತೆ.

ಆ ಮಾತು ಕೇಳಿ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಅಪ್ಪಾರಾವ್, ವೆಂಕಟೇಶ್, ಸಾಲೇಹ್, ನಮ್ಮದೇ ಊರಿನ ಧನರಾಜ್ ಮತ್ತು ಅಹ್ಮದ್ ಖಾನ್, ಈ ಐವರನ್ನು ಕೋಲ್ಕತ್ತ ‘ಪಂಚ ಪಾಂಡವರು’ ಎಂದು ಕೊಂಡಾಡಿತು. ಈಸ್ಟ್ ಬೆಂಗಾಲ್ 1951 ಮತ್ತು 1952ರಲ್ಲಿ ಡುರಾಂಡ್ ಗೆದ್ದದ್ದು ಆ ಕಾಲದಲ್ಲೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಕೂಡ ಮೈಸೂರು ತಂಡದ ಆಟಗಾರ. ಮುಂಬೈನ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು ಮರುವರ್ಷವೂ ಉಳಿಸಿಕೊಂಡ ತಂಡ ಬೆಂಗಳೂರು ಮುಸ್ಲಿಮ್ಸ್. ಕೋಲ್ಕತ್ತದ ಹಿರಿಯರೊಬ್ಬರಿಗೆ ನಾಲಿಗೆಯ ತುದಿಯಲ್ಲಿರುವ ಈ ಹೆಸರುಗಳು ನಮ್ಮ ಮಕ್ಕಳ ಕಿವಿಗೆ ಬಿದ್ದೇ ಇಲ್ಲ.

ಪಂದ್ಯ ಶುರುವಾಯಿತು. 11ನೇ ನಿಮಿಷ. ಉದ್ದನೆಯ ಚೆಂಡೊಂದರ ಬೆನ್ನು ಹತ್ತಿ ಬೆಂಗಳೂರು ತಂಡದ ಶಿವಶಕ್ತಿ ನಾರಾಯಣನ್ ಓಡಿದರು. ತಮಿಳುನಾಡಿನ ಹುಡುಗ, ಇಪ್ಪತ್ತೊಂದರ ಪ್ರಾಯ. ರಕ್ಷಣಾ ಆಟಗಾರನನ್ನು ಹಿಂದೆ ಹಾಕಿ, ಮುಂದೆ ಬಂದ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡನ್ನು ಎತ್ತಿ ಬಲೆಗೆ ಕಳಿಸಿದರು. 30ನೇ ನಿಮಿಷದಲ್ಲಿ ಮುಂಬೈ ಸಮ ಮಾಡಿತು. ಫ್ರೀ ಕಿಕ್ಕನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರೂ, ಚಿಮ್ಮಿದ ಚೆಂಡನ್ನು ಅಪುಯಾ ಒಳಗೆ ತಳ್ಳಿದರು. ವಿರಾಮದ ಹೊತ್ತಿಗೆ 1-1.

ದ್ವಿತೀಯಾರ್ಧ. ಒಟ್ಟು ಒಂದು ಗಂಟೆಯ ಆಟ ಮುಗಿದಿತ್ತು. ಕಾರ್ನರ್ ಕಿಕ್. ಚೆಂಡಿನ ಮುಂದೆ ನಾಯಕ ಸುನಿಲ್ ಛೆಟ್ರಿ. ಗೋಲಿನ ಮುಂದೆ ತಳ್ಳಾಟ, ಅಂಗಿ ಎಳೆದಾಟ. ಛೆಟ್ರಿ ಹೊಡೆದ ಚೆಂಡು ಬಾಗಿ ಬಂತು. ಎಲ್ಲರಿಗಿಂತ ಮೇಲೆ ಜಿಗಿದ ಬ್ರೆಜಿಲ್‌ನ ಡಿಫೆಂಡರ್ ಅಲನ್ ಕೋಸ್ಟಾ ಹಣೆಯಿಂದ ಗುದ್ದಿದರು. ಗೋಲು. 61ನೇ ನಿಮಿಷ, 2-1. ಪಕ್ಕದ ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ಬೆಂಗಳೂರಾದರೇನು, ಮುಂಬೈಯಾದರೇನು, ಒಳ್ಳೆಯ ಗೋಲಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಉಳಿದ ಹೊತ್ತು ಬೆಂಗಳೂರು ತಂಡ ಆ ಮುನ್ನಡೆಯನ್ನು ಕಾಯ್ದುಕೊಂಡಿತು.

2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಇದು ಮೊದಲ ಡುರಾಂಡ್. ಐ-ಲೀಗ್, ಫೆಡರೇಷನ್ ಕಪ್, ಸೂಪರ್ ಕಪ್, ಐಎಸ್‌ಎಲ್ ಎಲ್ಲವನ್ನೂ ಗೆದ್ದಿದ್ದ ಛೆಟ್ರಿಗೂ ಇದೊಂದು ಬಾಕಿಯಿತ್ತು. 2002ರಲ್ಲಿ ಇದೇ ಊರಿನ ಮೋಹನ್ ಬಾಗಾನ್‌ನಲ್ಲಿ ವೃತ್ತಿಜೀವನ ಆರಂಭಿಸಿದ ಹುಡುಗ, ಇಪ್ಪತ್ತು ವರ್ಷಗಳ ಬಳಿಕ ಇದೇ ಊರಿನಲ್ಲಿ ಆ ಬಾಕಿ ತೀರಿಸಿದರು. ಮೂರು ಟ್ರೋಫಿಗಳೂ ಬೆಂಗಳೂರಿನ ಹಾದಿ ಹಿಡಿದವು.

ಕೋಲ್ಕತ್ತಕ್ಕೆ ಹೋದವರು ಈ ಕ್ರೀಡಾಂಗಣವನ್ನು ತಪ್ಪಿಸಬೇಡಿ. ಈಗ ಹೌರಾದಿಂದಲೂ ಸಿಯಾಲ್ದಾದಿಂದಲೂ ಮೆಟ್ರೊದ ಹಸಿರು ಮಾರ್ಗದಲ್ಲಿ ನೇರ ಬರಬಹುದು. ನಿಲ್ದಾಣದ ಹೆಸರೇ ಸಾಲ್ಟ್ ಲೇಕ್ ಸ್ಟೇಡಿಯಂ. ಪಂದ್ಯದ ದಿನವೇ ಹೋಗಿ, ಬೇಗ ಹೋಗಿ. ಮರುದಿನ ಬಿಡುವಿದ್ದರೆ ಮೈದಾನ್‌ಗೂ ಹೋಗಿ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಮೂರೂ ಕ್ಲಬ್ಬುಗಳ ಅಂಗಳಗಳು ಅಲ್ಲೇ ಅಕ್ಕಪಕ್ಕದಲ್ಲಿವೆ.

ಊರಿಗೆ ಮರಳಿದ ಮೇಲೆ ಮಾಡಬೇಕಾದ ಕೆಲಸವೂ ಒಂದಿದೆ. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಈ ಆಟವನ್ನು ಪ್ರೀತಿಸುವ ಜನರಿದ್ದಾರೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮರಳಿ ತಂದಿತು. ಆಡುವವರಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ನೋಡುವವರಿಗೆ. ಕಂಠೀರವ ಕ್ರೀಡಾಂಗಣದ ದೊಡ್ಡ ಪಂದ್ಯಗಳಿಗೆ ಜನ ಸೇರುತ್ತಾರೆ, ಸಂತೋಷ. ಆದರೆ ನಾಳಿನ ಅಹ್ಮದ್ ಖಾನ್ ಆಡುವುದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಲೀಗ್ ಪಂದ್ಯಗಳಲ್ಲಿ, ನಿಮ್ಮ ಬೀದಿಯಾಚೆಯ ಮೈದಾನದಲ್ಲಿ. ಕೋಲ್ಕತ್ತದವರು ಪರವೂರಿನ ಎರಡು ತಂಡಗಳ ಆಟಕ್ಕೂ ಸಂಜೆಯನ್ನು ಎತ್ತಿಟ್ಟರು. ನಮ್ಮೂರಿನ ಮಕ್ಕಳ ಆಟಕ್ಕೆ ವಾರಕ್ಕೊಂದು ಸಂಜೆ ಎತ್ತಿಡಿ, ನಿಮ್ಮ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.