ಕ್ಯಾಸಲ್‌ರಾಕ್ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಕೆಂಪಯ್ಯ

ಕೆಂಪಯ್ಯ! ಆ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಸಾಲಿನ ಮೇಲೆ ಬೆರಳಿಟ್ಟು ಹಿಡಿದುಕೊಂಡೆ, ಎಲ್ಲಿ ತಪ್ಪಿಸಿಕೊಂಡು ಹೋಗುತ್ತದೋ ಎನ್ನುವ ಹಾಗೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್‌ಬಾಲ್ ತಂಡದ ಪಟ್ಟಿ ಅದು. ತಂಗರಾಜ್, ಅಜೀಜುದ್ದೀನ್, ರಹಮಾನ್, ಪಿ.ಕೆ. ಬ್ಯಾನರ್ಜಿ, ಬಲರಾಮ್... ಇವರ ನಡುವೆ, ಹಳೇ ಮೈಸೂರಿನ ಯಾವ ಊರಿನ ಅರಳಿಕಟ್ಟೆಯ ಮುಂದೆ ನಿಂತು ಕೂಗಿದರೂ ಒಬ್ಬರಾದರೂ ಓಗೊಡುವಂಥ ಹೆಸರು: ಎಂ. ಕೆಂಪಯ್ಯ.

ನಾನು ಹುಡುಕಲು ಹೊರಟಿದ್ದು ಬೇರೆ ಯಾರನ್ನೋ. ವಿಯೆನ್ನಾದ ಜೋಸೆಫ್ ಬ್ಲೂಮ್ ಎಂಬ ಡಿಫೆಂಡರ್ ಬಗ್ಗೆ ಓದುತ್ತಿದ್ದೆ. 1931ರ ಮೇ 16ರಂದು ಆಸ್ಟ್ರಿಯಾ ಸ್ಕಾಟ್ಲೆಂಡನ್ನು 5–0 ಗೋಲುಗಳಿಂದ ಸೋಲಿಸಿ ಯುರೋಪನ್ನೇ ಬೆರಗುಗೊಳಿಸಿದಾಗ ಹಿಂದಿನ ಸಾಲು ಕಾದವರು. ಆಟಗಾರನ ದಿನಗಳು ಮುಗಿದ ಮೇಲೆ ಕೋಚ್ ಆಗಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದವರು. ಅವತ್ತಿನ ತಂಡದಲ್ಲಿ ಮುಂದೆ ಆಡಿದ ಸಿಂಡೆಲಾರ್ ಹೆಸರು ಜಗತ್ತಿಗೆಲ್ಲ ಗೊತ್ತು. ಬ್ಲೂಮ್ ಯಾರಿಗೆ ಗೊತ್ತು? ಹಾಗಾದರೆ ನಮ್ಮಲ್ಲಿ ಹೀಗೆ ಹಿಂದೆ ನಿಂತು ಕಾದವರು ಯಾರು? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಕ್ಯಾಸಲ್‌ರಾಕ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಉತ್ತರ ಅಲ್ಲೇ ಸಿಕ್ಕಿತು.

ಕೆಂಪಯ್ಯ ಹಾಫ್‌ಬ್ಯಾಕ್. ಎದುರಾಳಿಯ ದಾಳಿಯನ್ನು ಮೊದಲು ಎದೆಗೊಡಬೇಕಾದವನು ಹಾಫ್‌ಬ್ಯಾಕ್; ಚೆಂಡು ಕಸಿದ ಮರುಕ್ಷಣ ಅದನ್ನು ಮುಂದಿನವರ ಕಾಲಿಗೆ ದಾಟಿಸಬೇಕಾದವನೂ ಅವನೇ. ಕೆಂಪಯ್ಯ ಕಲ್ಕತ್ತೆಯ ಮೋಹನ್ ಬಾಗಾನ್‌ಗೆ ಆಡಿದರು. ಮೆಲ್ಬರ್ನ್ ಆದಮೇಲೆ 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಎರಡು ಒಲಿಂಪಿಕ್ಸ್! ಮೈಸೂರು ಆಗ ಫುಟ್‌ಬಾಲಿನ ಗಟ್ಟಿ ನೆಲ. 1946–47ರಲ್ಲಿ ಒಮ್ಮೆ, 1952–53ರಲ್ಲಿ ಮತ್ತೊಮ್ಮೆ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿದ ನೆಲ.

ಇನ್ನೊಂದು ಹೆಸರು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಅಹ್ಮದ್ ಖಾನ್. 1948ರಲ್ಲಿ ಲಂಡನ್ನಿನ ಅಂಗಳದಲ್ಲಿ ನಮ್ಮ ಹುಡುಗರಲ್ಲಿ ಹೆಚ್ಚಿನವರು ಬೂಟಿಲ್ಲದೆ, ಪಾದಕ್ಕೆ ಬರೀ ಬ್ಯಾಂಡೇಜು ಸುತ್ತಿಕೊಂಡು ಫ್ರಾನ್ಸಿನ ಬೂಟುಗಾಲುಗಳ ನಡುವೆ ನುಗ್ಗಿದ ಕಾಲದವರು ಅವರು. ಆ ಬಟ್ಟೆಯ ಸುತ್ತನ್ನೊಮ್ಮೆ ಊಹಿಸಿಕೊಳ್ಳಿ: ಬೆರಳುಗಳು ಬಯಲು, ಹುಲ್ಲು ತಣ್ಣಗೆ, ಚೆಂಡಿನ ಚರ್ಮ ನೇರವಾಗಿ ಕಾಲಿನ ಚರ್ಮಕ್ಕೆ. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು.

ಈಗ ಮೆಲ್ಬರ್ನ್. ಕೋಚ್ ಆಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ಮೂಲತಃ ಶಾಲಾ ಮೇಷ್ಟ್ರು. ಡ್ರಿಬ್ಲಿಂಗ್ ಮಾಡಲೇಬಾರದು ಎಂಬ ನಿಯಮದ ಪಂದ್ಯ, ಬಾರದ ಕಾಲಿನಲ್ಲಷ್ಟೇ ಒದೆಯಬೇಕಾದ ಪಂದ್ಯ, ಹೀಗೆಲ್ಲ ಆಡಿಸಿ ಆಟಗಾರರನ್ನು ತಿದ್ದಿದವರು! ಡಿಸೆಂಬರ್ 1ರಂದು ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಎದುರು ನಿಂತದ್ದು ಅದೇ ಯುಗೋಸ್ಲಾವಿಯಾ. ಮೊದಲ ಗೋಲು ಹೊಡೆದು ಮುನ್ನಡೆದದ್ದು ಭಾರತ! ಕೊನೆಗೆ 1–4ರಿಂದ ಸೋತೆವು, ನಿಜ. ಕಂಚಿನ ಪಂದ್ಯವೂ ಬಲ್ಗೇರಿಯಾದ ಪಾಲಾಯಿತು. ಆದರೆ ಹತ್ತು ಗೋಲು ತಿಂದು ಬಂದ ನಾಲ್ಕೇ ವರ್ಷಕ್ಕೆ ಆ ಕೆಲವು ನಿಮಿಷಗಳು!

ನೆವಿಲ್ ಅವರ ಮೂಲ ಊರು ಎಲ್ಲಿ ಗೊತ್ತೇ? ಗೋವಾದ ಅಸಗಾಂವ್. ಓದುತ್ತಿದ್ದವನು ತಲೆಯೆತ್ತಿದೆ. ಹಳಿಗಳು ಎದುರಿಗೇ ಇವೆ. ಇಲ್ಲಿಂದ ಬ್ರಗಾಂಜಾ ಘಾಟಿ ಇಳಿದು, ದೂಧ್‌ಸಾಗರದ ಮಗ್ಗುಲಲ್ಲೇ ಕುಳೇಂಗೆ ಸಾಗಿದರೆ ಗೋವಾ. 1956ರಲ್ಲಿ ಅದು ಪೋರ್ಚುಗೀಸರ ನಾಡು. ಈ ಕ್ಯಾಸಲ್‌ರಾಕ್ ಗಡಿಯ ಠಾಣೆ. 1955ರ ಆಗಸ್ಟ್ 15ರಂದು ಗೋವಾದೊಳಗೆ ಹೊರಟ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು, ಗಡಿ ಮುಚ್ಚಿತು, ಈ ಹಳಿಯ ಮೇಲೆ ಗೋವಾ ರೈಲು ನಿಂತೇಹೋಯಿತು. ಅಂದರೆ ನೆವಿಲ್ ಮೆಲ್ಬರ್ನಿನಲ್ಲಿ ಭಾರತಕ್ಕಾಗಿ ಮೂರು ಗೋಲು ಹೊಡೆದ ದಿನ ಅವರ ಮೂಲ ಊರೇ ಪರದೇಶ! ಇಲ್ಲಿಂದ ಅತ್ತ ಹೋಗಲು ರೈಲೇ ಇಲ್ಲ!

ಇದಕ್ಕಿಂತ ದೊಡ್ಡದೊಂದು ಬೆರಗು ತಾರೀಖಿನಲ್ಲೇ ಅಡಗಿತ್ತು. ಆಸ್ಟ್ರೇಲಿಯಾ ಪಂದ್ಯ ಡಿಸೆಂಬರ್ 1. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ನವೆಂಬರ್ 1ರಂದು, ಕನ್ನಡ ನಾಡು ಒಂದಾಗಿತ್ತು. ಅಲ್ಲಿಯವರೆಗೆ ಕ್ಯಾಸಲ್‌ರಾಕ್ ಇದ್ದದ್ದು ಮುಂಬೈ ರಾಜ್ಯದ ಉತ್ತರ ಕನ್ನಡದಲ್ಲಿ. ಮೈಸೂರಿನ ಕೆಂಪಯ್ಯನವರೂ ಈ ಘಟ್ಟದ ಅಂಚಿನ ಹಳ್ಳಿಯೂ ಒಂದೇ ರಾಜ್ಯದವರಾಗಿ ಆಗಿನ್ನೂ ಮೂವತ್ತು ದಿನ! ಹಾಫ್‌ಬ್ಯಾಕ್ ಈ ನಾಡಿನವರು, ಗೋಲು ಹೊಡೆದವರು ಘಟ್ಟದಾಚೆಯವರು. ಅವರ ನಡುವಿನ ಹಳಿ ಇಲ್ಲಿ ಕಡಿದುಬಿದ್ದಿತ್ತು. ಅಲ್ಲಿ, ಸಮುದ್ರದಾಚೆ, ಇಬ್ಬರೂ ಒಂದೇ ತಂಡ. ಗೋವಾ ನಮ್ಮದಾಗಲು 1961ರ ಡಿಸೆಂಬರ್ 19 ಬರಬೇಕಾಯಿತು.

ಅಷ್ಟರಲ್ಲಿ ಗೋವಾ ಕಡೆಯ ಗಾಡಿ ಬಂದು ನಿಂತಿತು. ಇಳಿಜಾರು ಇಲ್ಲಿ 37 ಅಡಿಗೆ ಒಂದಡಿಯಷ್ಟು ಕಡಿದು, ಅದಕ್ಕೇ ಬ್ರೇಕು ಪರೀಕ್ಷಿಸದೆ ಗಾಡಿ ಇಳಿಯುವಂತಿಲ್ಲ. ಗಾಲಿಗಳ ಸಂದಿಯಿಂದ ಗಾಳಿ ಬುಸ್ಸೆಂದಿತು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. ತಡೆಯಲಾಗದೆ ಹೇಳಿಬಿಟ್ಟೆ, "ಅಜ್ಜಾ, ಒಲಿಂಪಿಕ್ಸ್‌ನಾಗ ಫುಟ್‌ಬಾಲ್ ಆಡಿದವರೊಬ್ಬರ ಹೆಸರು ಕೆಂಪಯ್ಯ ಅಂತ."

"ಕೆಂಪಯ್ಯ?" ಅಜ್ಜ ಛತ್ರಿ ಪಕ್ಕಕ್ಕಿಟ್ಟು ನನ್ನ ಕಡೆ ಸರಿದು ಕೂತರು. "ನಮ್ಮವರಾ? ಹೇಳ್ರಿ, ಹೇಳ್ರಿ, ಮೊದಲಿಂದ ಹೇಳ್ರಿ."